ಆಷಾಢದಲ್ಲಿ ಹೀಲಿಯಂ

ಹೋದ ಭಾನುವಾರ ನಾನು ಕಳ್ಳನ ಹಾಗೆ ಸೋಸಲೆ ಬಸ್ಸು ಹತ್ತಿದೆ.

ಕದಿಯಲು ಹೊರಟದ್ದು ಬೇರೇನಲ್ಲ, ಸ್ವಂತ ಹೆಂಡತಿಯನ್ನು ಒಂದು ಸಲ ನೋಡುವ ಸುಖ. ಈ ಬೇಸಿಗೆಯಲ್ಲಿ ಮದುವೆಯಾದವನು ನಾನು. ಆಷಾಢ ಬಂತು, ಸವಿತಾಳನ್ನು ತವರಿಗೆ ಕಳಿಸಿದರು. ಅತ್ತೆ, ಹೊಸ ಸೊಸೆ ಒಂದೇ ಹೊಸಿಲು ದಾಟಬಾರದು. ಅಳಿಯ ಅತ್ತೆಮನೆ ಮೆಟ್ಟಬಾರದು. ಈ ಪದ್ಧತಿ ಎಲ್ಲಿಂದ ಬಂತೆಂದು ಇತಿಹಾಸದ ಮೇಷ್ಟ್ರಾಗಿ ಅರ್ಧ ಗಂಟೆ ಭಾಷಣ ಬಿಗಿಯಬಲ್ಲೆ. ಗಂಡನಾಗಿ ಒಂದು ವಾರ ತಡೆಯಲಾಗಲಿಲ್ಲ. (ನಗಬೇಡಿ. ನಿಮಗೂ ಒಂದು ಆಷಾಢ ಬಂದಿತ್ತು.)

ನೆಪವೂ ಇತ್ತು. ನಂಜನಗೂಡಿನಲ್ಲಿ ನಾನು ಪಾಠ ಮಾಡುವ ಕಾಲೇಜಿನಲ್ಲೇ ಫಿಸಿಕ್ಸ್ ಲೆಕ್ಚರರ್ ಹುದ್ದೆ ಖಾಲಿಯಾಗಿದೆ. "ನಿಮ್ಮ ಮೇಡಂ ಹೂಂ ಅಂದ್ರೆ ಸಾಕು. ಸೋಮವಾರ ಹೇಳಿಬಿಡಿ" ಎಂದಿದ್ದರು ಪ್ರಿನ್ಸಿಪಾಲರು. ತವರಿಗೆ ಹೊರಡುವಾಗಲೇ ಅವಳಿಗೆ ಹೇಳಿದ್ದೆ, ಉತ್ತರ ಇನ್ನೂ ಬಂದಿರಲಿಲ್ಲ. ಸವಿತಾ ಬೆಂಗಳೂರಿನ ಲ್ಯಾಬೊಂದರಲ್ಲಿ ರಿಸರ್ಚ್ ಮಾಡುತ್ತಾಳೆ. ವಾರವೆಲ್ಲ ಅಲ್ಲಿ, ಶನಿವಾರ ಸಂಜೆ ನಮ್ಮ ಮನೆ. ಹೂಂ ಅಂದುಬಿಟ್ಟರೆ ದಿನಾ ಒಟ್ಟಿಗೆ ಊಟ, ಒಂದೇ ಸ್ಕೂಟರಿನಲ್ಲಿ ಕಾಲೇಜು. ಇನ್ನೇನು ಬೇಕು ಹೇಳಿ?

ಸೋಸಲೆಯಲ್ಲಿ ಮಾವ ಜಗಲಿ ಮೇಲೆ ಕೂತಿದ್ದರು. ನನ್ನನ್ನು ಕಂಡು ಗಾಬರಿಯಿಂದ ಎದ್ದರು. ಒಳಗಿಂದ ಅತ್ತೆಯ ಕೂಗು.

"ಅಲ್ಲೇ ನಿಂತ್ಕಳಿ ಅಳಿಯಂದ್ರೇ! ಒಳಿಕ್ ಬರ್ಬ್ಯಾಡಿ!"

"ಬರಲ್ಲ ಅತ್ತೆ. ಸವಿತಾನ ಒಂದ್ನಿಮಿಷ ಕರೀರಿ."

"ಅವ್ಳೆಲ್ಲವ್ಳೆ ಇಲ್ಲಿ? ಬುದ್ವಾರ್ವೇ ಬೆಂಗ್ಳೂರ್ಗೆ ಓಗವ್ಳೆ. ಅದೆಂತದೋ ತಣ್ಣಗಿರದು ಬಂದದಂತೆ. ಬುಟ್ರೆ ಆವಿಯಾಗೋಯ್ತದಂತೆ."

ಬಂದದ್ದು ಲಿಕ್ವಿಡ್ ಹೀಲಿಯಂ. ಅದು ತೀರುವುದರೊಳಗೆ ಎಕ್ಸ್‌ಪೆರಿಮೆಂಟ್ ಮುಗಿಯಬೇಕು. ಲೋಕವೆಲ್ಲ ಆಷಾಢವನ್ನು ಬೈಯುತ್ತದೆ. ಯಾರೂ ಶನಿವಾರ ಬಾ ಅನ್ನದ ಒಂದು ಇಡೀ ತಿಂಗಳು ಸಿಕ್ಕಿತೆಂದು ಅದನ್ನು ಬಾಚಿಕೊಂಡವಳು ನನ್ನ ಹೆಂಡತಿ ಒಬ್ಬಳೇ ಇರಬೇಕು.

ಅತ್ತೆ ಕಾಫಿ ಲೋಟವನ್ನು ಹೊಸಿಲ ಮೇಲಿಟ್ಟು ಮರೆಯಾದರು. ನಾನು ಬಗ್ಗಿ ಎತ್ತಿಕೊಂಡೆ. ಮಾವನಿಗೆ ಮಗಳ ಕೆಲಸದ ಬಗ್ಗೆ ಒಂದೇ ಅನುಮಾನ.

"ಆ ಸಣ್ಣ ತಂತೀಲಿ ಕರೆಂಟ್ ಅರಿದ್ರೂ ಬಿಸಿಯಾಗಾಕಿಲ್ವಂತೆ. ಬಿಸೀನೇ ಆಗ್ದಿದ್ರೆ ಕರೆಂಟ್ ಅದೆ ಅಂತ ಗೊತ್ತಾಗದೆಂಗೆ?"

ನನಗೂ ಅದೇ ಅನುಮಾನ, ಅವರ ಮಗಳ ವಿಷಯದಲ್ಲಿ.

ನರಸೀಪುರದ ಬಸ್ ಸ್ಟ್ಯಾಂಡಿಗೆ ಬಂದು ಎಸ್‌ಟಿಡಿ ಬೂತ್ ಹೊಕ್ಕೆ. ಲ್ಯಾಬಿನ ನಂಬರಿಗೆ ಅವಳೇ ಸಿಕ್ಕಳು. ನಾನು ಎಲ್ಲಿಂದ, ಯಾಕೆ ಎಂದು ಕೇಳಲೇ ಇಲ್ಲ.

"ರೀ, ರಿಸಲ್ಟ್ ಬಂತು! ತಂತಿ ಸುಡದೆ ಉಳೀತು! ಹಿಂದಿನವೆಲ್ಲ ಸುಟ್ಟೋಗಿದ್ವಲ್ಲ?"

ಕೂದಲಿಗಿಂತ ಸಾವಿರ ಪಾಲು ತೆಳ್ಳಗಿನ ತಂತಿ ಅದು. ಹೀಲಿಯಮ್ಮಿನ ಚಳಿಯಲ್ಲಿ ಅದರೊಳಗೆ ಕರೆಂಟು ಒಂದಿಷ್ಟೂ ತಡೆಯಿಲ್ಲದೆ ಹರಿಯುತ್ತದಂತೆ.

"ಕರೆಂಟ್ ಏರಿಸ್ತಾ ಹೋದೆ. ಮಿತಿ ದಾಟಿದ್ದೇ ತಡ, ಎಲ್ಲೋ ಒಂದು ಚುಕ್ಕೆಯಷ್ಟು ಜಾಗ ಬಿಸಿಯಾಯ್ತು. ಅಲ್ಲಿ ತಡೆ ಹುಟ್ಟಿತು. ತಡೆಯಿಂದ ಇನ್ನೂ ಬಿಸಿ. ಇಡೀ ತಂತಿ ಮಾಮೂಲಿ ತಂತಿಯಾಗೋಯ್ತು! ಆಮೇಲೆ ಕರೆಂಟನ್ನ ಮೊದಲಿದ್ದಷ್ಟಕ್ಕೇ ಇಳಿಸಿದೆ. ಊಹೂಂ, ವಾಪಸ್ ಬರಲ್ಲ. ತನ್ನ ಬಿಸಿಯಲ್ಲಿ ತಾನೇ ಬೇಯ್ತಾ ಇರುತ್ತೆ."

"ಸುತ್ತ ಅಷ್ಟು ತಣ್ಣಗಿದ್ರೂ?"

"ಅಷ್ಟು ತಣ್ಣಗಿದ್ರೂ. ತೀರಾ ಕೆಳಗೆ ಇಳಿಸಿದ್ಮೇಲೇ ಅದಕ್ಕೆ ಸಮಾಧಾನ."

ಗಾಜಿನ ಬೂತಿನಲ್ಲಿ ನಿಂತು ನಾನು ಆ ದನಿಯನ್ನೇ ಕೇಳುತ್ತಿದ್ದೆ. ನಮ್ಮ ಮನೆಯ ಅಡುಗೆಮನೆಯಲ್ಲಿ ಆ ದನಿಯನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಹೊಟ್ಟೆಕಿಚ್ಚಾಯಿತು. ಒಂದು ತಂತಿಯ ಮೇಲೆ ಹೊಟ್ಟೆಕಿಚ್ಚು ಪಟ್ಟ ಗಂಡಸನ್ನು ನೀವು ನೋಡಿದ್ದೀರಾ?

ಇದ್ದಕ್ಕಿದ್ದಂತೆ ಅವಳ ದನಿ ಇಳಿಯಿತು.

"ಆ ಕೆಲಸದ ವಿಷ್ಯ… ನಾಳೆ ಹೇಳ್ಬೇಕಲ್ವಾ? ನೀವು ಹೆಂಗಂತೀರೋ ಹಂಗೆ ಮಾಡ್ತೀನಿ ರೀ."

ನೋಡಿ, ಕೊಟ್ಟೇಬಿಟ್ಟಳು. ಒಂದು ಹೂಂ ಸಾಕಿತ್ತು. ಆ ಹೂಂ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಹೊರಗೆ ಬೆಂಗಳೂರಿನ ಬಸ್ಸೊಂದು ಹಾರ್ನ್ ಹೊಡೆಯುತ್ತಿತ್ತು.

"ಬೇರೆಯವರನ್ನ ನೋಡ್ಕೊಳ್ಳಿ ಅಂತ ಹೇಳ್ಬಿಡ್ತೀನಿ" ಅಂದೆ.

ಆ ಕಡೆ ಕುರ್ಚಿ ಎಳೆದುಕೊಂಡ ಸದ್ದಾಯಿತು.

"ಇದು ಮುಗಿಯೋಕೆ ಇನ್ನೂ ಎರಡು ವರ್ಷ ಆಗುತ್ತೆ. ಗೊತ್ತಲ್ವಾ?"

"ಗೊತ್ತು" ಅಂದೆ. ಗೊತ್ತಿರಲಿಲ್ಲ. ಆರು ತಿಂಗಳೆಂದುಕೊಂಡಿದ್ದೆ.

"ಊಟ ಮಾಡಿ ರೀ" ಅಂದಳು. ಮೂಗು ಕಟ್ಟಿದ ದನಿ. ಆಗ ಮಾವನ ಅನುಮಾನಕ್ಕೆ ನನಗಂತೂ ಉತ್ತರ ಸಿಕ್ಕಿತು.

ಸೋಮವಾರ ಪ್ರಿನ್ಸಿಪಾಲರಿಗೆ ಹೇಳಿದೆ. ಅವರು ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದರು. ಸ್ಟಾಫ್ ರೂಮಿನಲ್ಲಿ ನನ್ನ ಬಾಡಿದ ಮುಖ ಕಂಡ ಸಹೋದ್ಯೋಗಿ ಬೆನ್ನು ತಟ್ಟಿದರು. "ಯಾಕ್ ಸಾ ಇಷ್ಟೊಂದು ಸಪ್ಪಗಿದ್ದೀರಿ? ಒಂದು ತಿಂಗಳು ಕಣ್ಣುಮುಚ್ಚಿ ಬಿಡೋದ್ರೊಳಗೆ ಓಗ್ಬುಡ್ತದೆ. ಶ್ರಾವಣ ಬಂದ್ರೆ ಎಲ್ಲ ಸರಿಯಾಯ್ತದೆ!"

ಆಷಾಢ ಬರೀ ಒಂದು ತಿಂಗಳು ಅಂತ ನಿಮಗೆ ಯಾರು ಹೇಳಿದ್ದು ಸ್ವಾಮೀ?