ನನ್ನ ಪಾಲಿನ ಪಾರಾ

ಅತ್ತೆಯ ಹೆಸರಿನ ಖತಂನಲ್ಲಿ ನನ್ನ ಪಾಲಿಗೆ ಬಂದ ಪಾರಾವನ್ನು ನಾನು ಓದಿ ಮುಗಿಸಲಿಲ್ಲ. ಮುಗಿಸಿದೆ ಎಂದು ಹೇಳಿದೆ. ಅಷ್ಟೇ ಆಗಿದ್ದರೆ ಅದು ನನ್ನ ಮತ್ತು ಅಲ್ಲಾಹನ ನಡುವಿನ ಮಾತು — ಆದರೆ ಅದೇ ಬಾಯಿಂದ ಇನ್ನೊಬ್ಬಳನ್ನು ಸುಳ್ಳುಗಾತಿ ಮಾಡಿದೆ.

ಖತಂ ಎಂಬ ಮಾತು ಶಿರಸಿಯಲ್ಲಿ ಯಾರಿಗೆ ಗೊತ್ತಿಲ್ಲ? ನಮ್ಮ ಲಾರಿ ಡ್ರೈವರುಗಳಿಗೆ ಡೀಸೆಲ್ಲೂ ಖತಂ, ಕೆಲಸವೂ ಖತಂ. ಅರಬ್ಬಿಯ ಖತ್ಮ್ ಎಂದರೆ ಮುಗಿಸುವುದು, ಮುದ್ರೆ ಒತ್ತುವುದು; ಖಾತಮ್ ಎಂದರೆ ಮುದ್ರೆಯುಂಗುರ. ನಮ್ಮ ಮನೆಗಳಲ್ಲಿ ಖತಂ ಎಂದರೆ ಕುರಾನಿನ ಮೂವತ್ತು ಭಾಗಗಳನ್ನು, ಅಂದರೆ ಪಾರಾಗಳನ್ನು, ಹೆಂಗಸರು ಹಂಚಿಕೊಂಡು, ಒಟ್ಟಿಗೆ ಕೂತು, ತೀರಿಕೊಂಡವರ ಹೆಸರಲ್ಲಿ ಓದಿ ಪೂರೈಸುವುದು. ಒಬ್ಬಳದು ಉಳಿದರೂ ಪೂರ್ತಿಯಾಗುವುದಿಲ್ಲ. ಹಾಗೆಂದು ಯಾರೂ ಪರೀಕ್ಷೆ ಮಾಡುವುದಿಲ್ಲ. ಹಿರಿಯಳು ಕೇಳುತ್ತಾಳೆ, ಆಯ್ತು ಎಂದರೆ ಆಯ್ತು.

ಎಂಟು ವರ್ಷದ ಹಿಂದೆ, ಅತ್ತೆ ತೀರಿಕೊಂಡ ನಲವತ್ತನೆಯ ದಿನ. ನನ್ನೆದುರು ಮೈದುನನ ಹೆಂಡತಿ ನಸೀಮಾ ಕೂತಿದ್ದಳು. ಬನವಾಸಿ ಕಡೆಯವಳು, ತವರಲ್ಲಿ ಮನೆಮಾತೂ ಕನ್ನಡವೇ. ಇವಳಿಗೆ ಅರಬ್ಬಿ ಓದಲು ಬರುತ್ತದೆಯೇ ಎಂಬ ಗುಮಾನಿ ಅವಳ ಮದುವೆಯಂದಿನಿಂದ ನನಗೆ. ತುಟಿ ಅಲುಗುತ್ತಿದೆಯೋ ಇಲ್ಲವೋ, ಪುಟ ಎಷ್ಟು ಬೇಗ ತಿರುಗಿತು — ಓರೆಗಣ್ಣಲ್ಲಿ ಕಾಯುತ್ತಲೇ ಇದ್ದೆ. ಅತ್ತೆ ಕೊನೆಗಾಲದಲ್ಲಿ ಅವಳ ಕೈಯಿಂದ ಮಾತ್ರ ಗಂಜಿ ಕುಡಿಯುತ್ತಿದ್ದರು. ಆ ಹೊಟ್ಟೆಕಿಚ್ಚೂ ಇತ್ತು, ಮುಚ್ಚಿಡುವುದೇಕೆ? ಎಲ್ಲರಿಗಿಂತ ಮೊದಲು ನಸೀಮಾ ಓದಿ ಮುಚ್ಚಿ ಕಣ್ಣಿಗೊತ್ತಿಕೊಂಡಳು. ನಾನಿನ್ನೂ ಐದನೆಯ ಪುಟದಲ್ಲಿದ್ದೆ.

"ಇವ್ಳು ಓದ್ಲೇ ಇಲ್ಲ. ಬರೀ ಪುಟ ತಿರುಗ್ಸಿದ್ದು," ಎಂದುಬಿಟ್ಟೆ.

ನಸೀಮಾ ನನ್ನ ಮುಖ ನೋಡಿದಳು, ನನ್ನ ಮುಂದೆ ತೆರೆದಿದ್ದ ಪುಟ ನೋಡಿದಳು. ಅವಳ ಪಾರಾ ತೆಗೆದು ಬೇರೊಬ್ಬರಿಗೆ ಓದಲು ಕೊಟ್ಟರು. ನನ್ನನ್ನು ಕೇಳಿದಾಗ ನನ್ನದನ್ನು ಮುಚ್ಚಿ, ಆಯ್ತು ಎಂದೆ. ತಿಂಗಳೊಳಗೆ ಅವಳೂ ಮೈದುನನೂ ಮನೆ ಬಿಟ್ಟು ಯಲ್ಲಾಪುರಕ್ಕೆ ಹೋಗಿ ನೆಲೆಸಿದರು. ಆಮೇಲೆ ಶಿರಸಿಯ ಖತಂಗಳಿಗೆ ಅವಳು ಬಂದಾಗ ಯಾರೂ ಅವಳ ಕೈಗೆ ಪಾರಾ ಕೊಡಲಿಲ್ಲ, ಅಡಿಗೆಮನೆಗೆ ಕಳಿಸಿದರು. ನಾನು ನೋಡುತ್ತ ಸುಮ್ಮನಿದ್ದೆ.

ನನ್ನದನ್ನು ಮರುದಿನವಾದರೂ ಓದಬಹುದಿತ್ತು. ಓದಿದರೆ ತಪ್ಪನ್ನು ನನಗೆ ನಾನೇ ಒಪ್ಪಿಕೊಂಡಂತೆ — ಓದಲಿಲ್ಲ. ಅತ್ತೆಯದು ಅರ್ಧಕ್ಕೇ ಉಳಿದಿದೆಯೆಂದು ನನಗೊಬ್ಬಳಿಗೇ ಗೊತ್ತು ಅಂದುಕೊಂಡಿದ್ದೆ.

ಹೋದ ವಾರ, ನಸೀಮಾಳಿಗೆ ಎಲ್ಲ ಹೇಳಿಬಿಡಬೇಕೆಂದು ಯಲ್ಲಾಪುರಕ್ಕೆ ಹೋದೆ. ಬಸ್ಸಿನಲ್ಲೂ ಅನುಮಾನವೇ: ಇವಳು ಊರೆಲ್ಲ ಸಾರಿದರೆ? ನಸೀಮಾ ಅಕ್ಕಿ ಆರಿಸುತ್ತಿದ್ದಳು. ನಾನು ಎಲ್ಲ ಹೇಳಿ ಮುಗಿಸುವವರೆಗೂ ಕೈ ನಿಲ್ಲಿಸಲಿಲ್ಲ.

"ಗೊತ್ತೈತ್ರಿ ಆಪಾ," ಎಂದಳು. "ಅವತ್ತ ಸಂಜೀಕ ನಿಮ್ಮ ಪಾರಾ ನಾನು ಓದಿ ಮುಗಿಸೇನಿ. ಅತ್ತೀದು ಅರ್ಧಕ್ಕ ನಿಂದ್ರಬಾರದಲ್ರಿ."

ಎಂಟು ವರ್ಷ ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ. ನನಗೆ ನಾಚಿಕೆಯಾಯಿತು. ಅವಳ ಮುಂದಿದ್ದ ಅಕ್ಕಿಯಲ್ಲಿ ಒಂದು ಹಿಡಿ ನನ್ನ ಕಡೆ ಎಳೆದುಕೊಂಡು ನಾನೂ ಆರಿಸತೊಡಗಿದೆ.

ಅಂದು ಕೂತಿದ್ದ ಹೆಂಗಸರು ಹೆಚ್ಚಿನವರು ಶಿರಸಿಯಲ್ಲೇ ಇದ್ದಾರೆ. ಅವರ ಕಣ್ಣಲ್ಲಿ ಸುಳ್ಳುಗಾತಿ ಈಗಲೂ ನಸೀಮಾಳೇ. ನಾಡಿದ್ದು ಶುಕ್ರವಾರ ಪಕ್ಕದ ಮನೆಯಲ್ಲಿ ಖತಂ ಇದೆ. ಪಾರಾ ಹಂಚುವ ಮೊದಲೇ ಎದ್ದು ನಿಂತು, ಅಂದು ಓದದೆ ಇದ್ದವಳು ನಾನು ಎಂದು ಹೇಳುತ್ತೇನೆ. ಆಮೇಲೆ ನನಗೆ ಕೊಡುವುದೂ ಬಿಡುವುದೂ ಅವರಿಗೆ ಸೇರಿದ್ದು.