ಲಾಟೀನಿನ ಗಾಜಿನಲ್ಲಿದ್ದ ಜೇಡ

ಪಕ್ಕದ ಮನೆಯಾಕೆ ಮಗುವಿನ ಬೆನ್ನಿನ ಗುಳ್ಳೆಗೆ ಹಚ್ಚಲು ಕೆಮ್ಮಣ್ಣು ತೇಯುತ್ತಿದ್ದಳು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ತಾಂಡೂರಿನ ನಮ್ಮ ಅಂಗಳ ನೆನಪಾಯಿತು. ಜೊತೆಗೆ ಹಳೆಯ ಸಿಟ್ಟೂ ಬಂತು.

ಆಗ ನಿಜಾಮರ ಸರ್ಕಾರ. ನಾನು ಆ ಮನೆಯ ಸೊಸೆ, ಒಂದು ಕೂಸಿನ ತಾಯಿ. ಹೊರಗಿನ ಕೋಣೆಯಲ್ಲಿ ಸರ್ಕಾರಿ ಶಾಲೆಯ ಮಾಸ್ತರರೊಬ್ಬರು ಬಾಡಿಗೆಗಿದ್ದರು. ಶಾಲೆಯಲ್ಲಿ ಉರ್ದುವಿನಲ್ಲಿ ಪಾಠ, ಬಿಡುವಾದರೆ ಕಲ್ಲುಗಣಿಯಲ್ಲಿ ಚಪ್ಪಡಿ ಎತ್ತಿ ಜೇಡ ಹುಡುಕುವುದು. ಊರು ನಗುತ್ತಿತ್ತು. ಅವರು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಒಮ್ಮೆ ಕೆಂಗಂದು ಜೇಡವೊಂದನ್ನು ತಂದು ಲಾಟೀನಿನ ಗಾಜಿನೊಳಗೆ ಬಿಟ್ಟು, ಎರಡೂ ಬಾಯಿಗೆ ತೆಳುಬಟ್ಟೆ ಕಟ್ಟಿದರು. ಭೂತಗನ್ನಡಿಯನ್ನು ನನ್ನ ಕೈಗೂ ಕೊಟ್ಟರು. ಎರಡು ಸಾಲಿನಲ್ಲಿ ಎಂಟು ಕಣ್ಣು...

"ಇದು ಬಲಿ ಹೆಣಿಯಂಗಿಲ್ಲ, ತಂಗಿ. ನೆಲದ ಮ್ಯಾಲೆ ಬೇಟೆ ಆಡ್ತದ, ಕಲ್ಲಿನ ಕೆಳಗ ಬಿಳಿ ಚೀಲ ಮಾಡ್ಕೊಂಡು ಅಡಗ್ತದ. ಇನ್ನೊಮ್ಮೆ ಪೊರಿ ಬಿಟ್ಟು ಬಲೀಲಿ, ಆಗ ಯಾವ ಬಗೀದು ಅಂತ ಹೇಳಾಕ ಬರ್ತದ."

ಅಂಥದ್ದನ್ನು ಅವರು ಹಿಂದೆ ಕಂಡಿರಲಿಲ್ಲ. ಎಳೆಯದಿದ್ದಾಗ ಗುರುತು ಹಿಡಿಯಲು ಬರುವುದಿಲ್ಲವಂತೆ. ಪೊರೆ ಬಿಡಲೆಂದು ಅದು ಚೀಲ ಹೆಣೆದು ಒಳಸೇರಿದ ದಿನ ಮಾಸ್ತರರು ಮದುವೆ ಮನೆಯವರ ಹಾಗೆ ಓಡಾಡಿದರು.

ಅದೇ ವಾರ ನನ್ನ ಕೂಸಿನ ಬೆನ್ನಿನ ಮೇಲೆ ನೀರುಗುಳ್ಳೆ ಎದ್ದವು. ಅಂಥ ಗುಳ್ಳೆಗೆ ನಮ್ಮ ಕಡೆ ಜೇಡವನ್ನೇ, ಅಂದರೆ ಮಕಡಿಯನ್ನೇ, ದೂರುತ್ತಾರೆ.

"ಮಕಡಿ ಹರದಾಡ್ಯದ," ಎಂದರು ಅತ್ತೆ.

ಗಾಜಿನ ಬಾಯಿ ಕಟ್ಟಿದೆ, ಅದು ಹೊರಗೇ ಬಂದಿಲ್ಲ ಎಂದು ನಾನು ಹೇಳಿದೆ. ಸೊಸೆಯ ಮಾತು ಯಾರಿಗೆ ಬೇಕಿತ್ತು? ಇರುವೆಗಳಿಗೆ ಸಕ್ಕರೆ ಹಾಕದೆ ಊಟಕ್ಕೆ ಕೂರದ ಅತ್ತೆ, ಮಾಸ್ತರರು ಶಾಲೆಗೆ ಹೋಗಿದ್ದಾಗ ಆ ಗಾಜಿನೊಳಗೆ ಕುದಿಯುವ ನೀರು ಸುರಿದರು.

ಸಂಜೆ ಮಾಸ್ತರರು ಒಡೆದ ಗಾಜಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬೆಂದ ಚೀಲವನ್ನು ಸೂಜಿಯಿಂದ ಬಿಡಿಸಿದರು.

"ಅರ್ಧ ಪೊರಿ ಬಿಟ್ಟಿತ್ತು," ಎಂದರು, ಅಷ್ಟೇ.

"ಮನಿ ಖಾಲಿ ಮಾಡ್ರಿ, ಮಾಸ್ತರ," ಎಂದರು ಅತ್ತೆ ಒಳಗಿನಿಂದಲೇ.

ಮರುದಿನ ಅವರು ಟ್ರಂಕು ಹೊತ್ತು ಜಹೀರಾಬಾದಿನ ಕಡೆ ಹೋದರು. ಅಂಥ ಜೇಡ ಮತ್ತೆ ಸಿಗದೆಯೇ ತೀರಿಕೊಂಡರೆಂದು ಆಮೇಲೆ ಕೇಳಿದೆ...

ಅವರು ಹೋದ ಮೇಲೆ ಅತ್ತೆಯ ಸೊಂಟಕ್ಕೂ ಅವೇ ಗುಳ್ಳೆ ಎದ್ದವು. ಕೆಮ್ಮಣ್ಣು ತೇಯ್ದು ಹಚ್ಚಿದವಳು ನಾನೇ. ಈಗ ಯಾರನ್ನು ಮನೆ ಬಿಡಿಸುತ್ತೀರಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

ಇವತ್ತು ಪಕ್ಕದ ಮನೆಯಾಕೆಯೂ, "ಮಕಡೀನೇ ರೀ, ಅಜ್ಜಿ," ಎಂದಳು. ಅಂಗಳದ ಚಪ್ಪಡಿ ಎತ್ತಿದಳು. ಕೆಳಗೆ ಬಿಳಿ ಚೀಲವೊಂದು ಅಂಟಿಕೊಂಡಿತ್ತು.

"ಬಿಡವ್ವಾ, ಅದಿನ್ನೂ ಬಲಿತಿರಲಿಕ್ಕಿಲ್ಲ," ಎಂದೆ.

ಅವಳು ನಕ್ಕು, ಚಪ್ಪಲಿ ಕಾಲಿನಿಂದ ಹೊಸಕಿದಳು. ಬಲಿತಿದ್ದರೂ ಅದರ ಬಗೆ ಹೇಳಲು ಮಾಸ್ತರರು ಎಲ್ಲಿದ್ದಾರೆ?