ಹಿತ್ತಿಲ ಮಣ್ಣಿನ ಇಟ್ಟಿಗೆ

ಮೊಮ್ಮಗಳು ಹುಟ್ಟಿದಾಗಿನಿಂದ ನಾನು ಸಿಕ್ಕಿದವರಿಗೆಲ್ಲ ಇಟ್ಟಿಗೆಯ ವಿಚಾರ ಹೇಳುತ್ತಿದ್ದೇನೆ. ಮಗುವಿನ ವಿಚಾರ ಹೇಳಿದರೆ ದೃಷ್ಟಿಯಾಗುತ್ತದೆ. ಸುಮ್ಮನಿರೋಣವೆಂದರೆ ಸಂತೋಷ ಉಕ್ಕಿ ಬಾಯಿಗೆ ಬರುತ್ತದೆ. ಏನು ಮಾಡಲಿ? ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಇಟ್ಟಿಗೆಯಲ್ಲಿ ಮಾತ್ರ ಈಗ ಮೇಷ್ಟ್ರಾಗಿದ್ದೇನೆ.

ನಮ್ಮದು ಕೊಳಾಲದ ಹತ್ತಿರ. ಸೊಸೆ ಪಾವಗಡದ ತವರಿನಲ್ಲಿ ಬಾಣಂತಿ. ಅವಳು ಕೂಸನ್ನೆತ್ತಿಕೊಂಡು ಬರುವಷ್ಟರಲ್ಲಿ ಒಂದು ಕೋಣೆಯಾದರೂ ಏಳಬೇಕಿತ್ತು. ಸುಟ್ಟ ಇಟ್ಟಿಗೆ ಎರಡನ್ನು ತಾಕಿಸಿದರೆ ಕಂಚಿನಂತೆ ಠಣ್ ಅನ್ನುತ್ತದೆ, ಗಟ್ಟಿ. ಆದರೆ ಅದರ ಗೂಡು ಎಷ್ಟು ಸೌದೆ ತಿನ್ನುತ್ತದೆಂದು ಕಂಡವರಿಗೇ ಗೊತ್ತು. ಸಿಮೆಂಟ್ ಬ್ಲಾಕಿನ ಗೋಡೆ ಬೇಗ ಏಳುತ್ತದೆ. ಬೇಸಿಗೆ ಬಂದರೆ ಒಳಗೆ ಕೂತವರು ಹೆಂಚಿನ ಮೇಲಿನ ರೊಟ್ಟಿ.

ಶಿರಾದಿಂದ ಬಂದ ಮೇಸ್ತ್ರಿ ಬಾಷಾ ಸಾಹೇಬರು, "ನಿಮ್ ಹಿತ್ಲಲ್ಲೇ ಒಳ್ಳೆ ಮಣ್ಣೈತಲ್ಲಮ್ಮ. ಒಂಚೂರು ಸಿಮೆಂಟ್ ಕಲ್ಸಿ ಮಿಷನ್ನಲ್ಲಿ ಒತ್ತಿಬುಟ್ರೆ ಆಯ್ತು. ಸುಡಂಗಿಲ್ಲ, ಲಾರಿ ಬ್ಯಾಡ, ಮನೆ ತಂಪು. ಮೇಲ್ಮಣ್ಣು ಮಾತ್ರ ಆಗಾಕಿಲ್ಲ, ಕೆಳಗಿಂದು ಬೇಕು," ಅಂದರು. ಎಲ್ಲಿ ಅಗೆಯಬೇಕೆಂದು ಕೈತೋರಿಸಿದವಳು ನಾನೇ.

ಒತ್ತಿದ ಇಟ್ಟಿಗೆಗೆ ಮೂರು ವಾರ ನೀರುಣಿಸಬೇಕು. ಅದೂ ನನ್ನದೇ ಕೆಲಸ. ಒಂದು ಮಧ್ಯಾಹ್ನ, ಎಲೆ ಅಲ್ಲಾಡದ ಹೊತ್ತು, ಗೋಣಿಚೀಲ ಸರಿಸಿ ನೀರು ಹೊಯ್ದೆ. ಇಟ್ಟಿಗೆ ನೀರು ಹೀರುವಾಗ ಸುಯ್ ಅನ್ನುವುದು ಹೊಸದಲ್ಲ. ಅಂದು ಹೀರಿದವು, ನಿಲ್ಲಿಸಿದವು, ಉಸಿರೆಳೆದುಕೊಂಡು ಮತ್ತೆ ಹೀರಿದವು. ಮೊಲೆ ಕುಡಿಯುವ ಕೂಸು ಹಾಗೆ ಮಾಡುತ್ತದೆ.

ಆಗ ನೆನಪಾಯಿತು. ಮಣ್ಣು ತೆಗೆಸಿದ್ದು ಬಚ್ಚಲ ಹಿಂದಿನಿಂದ. ನಮ್ಮ ಮನೆಯಲ್ಲಾದ ಹೆರಿಗೆಗಳಲ್ಲಿ ಕೂಸಿನ ಬೆನ್ನಿಗೇ ಬೀಳುವ ಮಾಸನ್ನೆಲ್ಲ ಹೂಳುತ್ತಿದ್ದ ಜಾಗ. ನನ್ನ ಗಂಡನದು, ಮಗನದು, ಏಳೇ ದಿನ ಇದ್ದು ಹೋದ ನನ್ನ ಮೊದಲ ಹೆಣ್ಣುಕೂಸಿನದು. ಸಂತೋಷದ ಭರದಲ್ಲಿ ಎಲ್ಲವನ್ನೂ ಕಲಸಿ ಒತ್ತಿಸಿದ್ದೆ.

ಹೇಳಿದರೆ ಸೊಸೆ ಆ ಕೋಣೆಗೆ ಕೂಸನ್ನು ತರುತ್ತಾಳೋ ಇಲ್ಲವೋ. ಹೇಳದೆ ಬಚ್ಚಿಡಲು ನನ್ನಿಂದಾಗದು. ಫೋನು ಮಾಡಿ ಹೇಳಿಬಿಟ್ಟೆ.

"ಯಾರ್‍ಯಾರ್ದು ಐತೆ ಅತ್ತಮ್ಮಾ ಅಲ್ಲಿ?"

"ಎಲ್ಲಾರ್ದೂ ಕಣವ್ವ. ನಿನ್ ಗಂಡಂದೂವೆ. ನನ್ ಮೊದುಲ್ನೇ ಮಗೀದೂವೆ."



"ಬೇರೇರ್ ಮನೇದೇನೂ ಇಲ್ವಲ್ಲ?"

"ಇಲ್ಲ."

"ಅಂಗಾರೆ ಕಟ್ಸಿ. ಬಾಡ್ಗೆ ಮನೆ ಗೋಡೇಲಿ ಯಾರವ್ರೋ ಯಾರ್ಗೊತ್ತು? ನಮ್ ಗೋಡೇಲಾದ್ರೆ ಹೆಸ್ರಿಡ್ದು ಬೈಬೋದು."

ಕೋಣೆ ಎದ್ದಿತು, ಮೊಮ್ಮಗಳು ಬಂದಳು. ಉರಿಬಿಸಿಲಲ್ಲೂ ಒಳಗೆ ತಂಪು. ಗೋಡೆಯ ಒಂದು ಕಡೆ ಮಾತ್ರ ಅಂಗೈಯಗಲ ಸದಾ ಬೆಚ್ಚಗಿರುತ್ತದೆ. ಬಾಷಾ ಸಾಹೇಬರು ತಡವಿ ನೋಡಿ, "ಬಿಸ್ಲು ಬೀಳಾ ಜಾಗ ಅಲ್ವಲ್ಲಮ್ಮ ಇದು," ಅಂದರು. ಮೊಮ್ಮಗಳು ಅತ್ತಲೇ ತಿರುಗಿ ನಗುತ್ತಾಳೆ, ತಡೆದು ಏನನ್ನೋ ಕೇಳಿಸಿಕೊಳ್ಳುತ್ತಾಳೆ, ಮತ್ತೆ ನಗುತ್ತಾಳೆ.

ಮೊದಲ ದಿನ ಅವಳನ್ನೆತ್ತಿಕೊಂಡು ಹೊರಗೆ ಓಡಿದೆ. ಮಾರನೆಯ ದಿನ ತೊಟ್ಟಿಲನ್ನು ಗೋಡೆಯತ್ತ ಒಂದು ಗೇಣು ಎಳೆದೆ. ತೊಟ್ಟಿಲಿಗೆ ಹಾಕುವಾಗ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ನನ್ನ ಮಗನಿಗೆ ಅಕ್ಕತಂಗಿಯರೇ ಇಲ್ಲವಲ್ಲ ಎಂದು ನಾನು ಇಷ್ಟು ದಿನ ಸುಮ್ಮನೆ ಕೊರಗುತ್ತಿದ್ದೆ.